ಟ್ರಂಕು ತಗಡಿನ ಗಾಳಿ ಡಬ್ಬ

ಜನವರಿ 20, ಸೋಮವಾರ. ಬೆಳಿಗ್ಗೆ 6.10

ಐಸ್ ಪ್ಯಾಕ್ ನಾಲ್ಕು. ಸಿರಿಂಜು, ಸೂಜಿ, ರಿಜಿಸ್ಟರ್, ನೀರು, ಚಿತ್ರಾನ್ನದ ಡಬ್ಬಿ. ಆಮೇಲೆ ಕಾರಿನ ಬಾನೆಟ್ ಎತ್ತಿ ಏರ್ ಫಿಲ್ಟರ್ ತೆಗೆದು ಕಾಂಪೌಂಡ್ ಗೋಡೆಗೆ ಬಡಿದದ್ದು. ಹಲ್ಲುಜ್ಜಿದಷ್ಟೇ ಅಭ್ಯಾಸವಾಗಿದೆ. ಇವತ್ತೂ ಒಂದು ಹಿಡಿ ಮಣ್ಣು ಬಿತ್ತು. ಪಾವಗಡ ತಾಲ್ಲೂಕಿನ ಈ ಹೊಸಕೋಟೆಯಿಂದ ಕುರಿಯವರ ಹಟ್ಟಿಗಳ ಕಡೆ ಹೋಗುವ ದಾರಿಯೆಲ್ಲ ರಾಗಿ ಹಿಟ್ಟಿನಷ್ಟು ನುಣ್ಣಗಿನ ಮಣ್ಣು.

ತೊಂದರೆ ಫಿಲ್ಟರಿನದಲ್ಲ. ಅದು ಕೂರುವ ಪ್ಲಾಸ್ಟಿಕ್ ಡಬ್ಬದ್ದು. ಹದಿನೇಳು ವರ್ಷದ ಡೀಸೆಲ್ ಕಾರು. ಬಿಸಿಲಿಗೆ, ಕುಲುಕಿಗೆ ಡಬ್ಬ ಎರಡು ಕಡೆ ಸೀಳಿದೆ. ಮೂರು ಕ್ಲಿಪ್ಪಿನಲ್ಲಿ ಉಳಿದದ್ದು ಒಂದು. ಬೈಂಡಿಂಗ್ ವೈರ್ ಸುತ್ತಿದ್ದೇನೆ. ಸೀಳಿನಿಂದ ಮಣ್ಣು ನೇರ ಇಂಜಿನ್ನಿಗೆ. ದಿಣ್ಣೆ ಹತ್ತುವಾಗ ಕಪ್ಪು ಹೊಗೆ, ಎಳೆತವೇ ಇಲ್ಲ.

ಇವತ್ತು ಎರಡು ರೊಪ್ಪ, ಮುನ್ನೂರು ಕುರಿ. ಹಿರೇಬೇನೆ ಅನ್ನುವ ಅಂಟುರೋಗಕ್ಕೆ ಲಸಿಕೆ. ಈ ಸುತ್ತಿನಲ್ಲಿ ಇನ್ನೂ ಹತ್ತೊಂಬತ್ತು ಹಟ್ಟಿ ಬಾಕಿ. ಕುರಿ ಹಿಡಿದು ಕೊಡಲು ಹಟ್ಟಿಯವರಿದ್ದಾರೆ, ಚುಚ್ಚುವವಳು ನಾನೊಬ್ಬಳೇ. ಅವರ ಬಾಯಲ್ಲಿ ಡಾಕ್ಟ್ರಮ್ಮ. ಕಾಗದದಲ್ಲಿ ಪಶುವೈದ್ಯ ಪರಿವೀಕ್ಷಕಿ, ಶಾಂತಕುಮಾರಿ. ನಲವತ್ತೊಂಬತ್ತು ವರ್ಷ, ಎರಡೂ ಮಂಡಿ ಸರಿಯಿಲ್ಲ.

ಹೊರಡಬೇಕು.

ಜನವರಿ 22, ಬುಧವಾರ

ಪಾವಗಡದಲ್ಲಿ ಮೆಕ್ಯಾನಿಕ್ ಚೌಡಯ್ಯನ ಹತ್ತಿರ ಹೋದೆ. ಡಬ್ಬವನ್ನು ಕೈಯಲ್ಲಿ ಹಿಡಿದು ಸತ್ತ ಕೋಳಿಯನ್ನು ನೋಡುವ ಹಾಗೆ ನೋಡಿದ.

"ಇದು ಎಲ್ಲೂ ಸಿಕ್ಕಲ್ಲ ಮೇಡಂ. ಲೇದು ಅಂದ್ರೆ ಲೇದು. ಈ ಗಾಡಿ ಮಾಡೋದೇ ನಿಂತೋಗೈತೆ. ಗುಜರಿಯಾಗೂ ನೋಡ್ದೆ, ಅಲ್ಲಿರೋವು ನಿಮ್ದಕ್ಕಿಂತ ಒಡ್ದೋಗವೆ."

"ಮತ್ತೆ ಹೆಂಗೆ?"

"ಕೊಟ್ಬುಡಿ ಗಾಡೀನ. ಇಲ್ಲಾಂದ್ರೆ ಟಾರ್ ರೋಡಲ್ಲೇ ಓಡ್ಸಿ."

ಟಾರ್ ರೋಡಿನಲ್ಲಿ ಯಾವ ಕುರಿ ಇರುತ್ತದೆ?

ಸಂಜೆ ಮಧುಗಿರಿಗೆ, ಮನೆಗೆ ಫೋನ್. ಇವರೂ ಅದನ್ನೇ ಹೇಳಿದರು, ಮಾರಿಬಿಡು ಅಂತ. ನನ್ನ ಗಂಡ ಮಲ್ಲಿಕಾರ್ಜುನಯ್ಯನವರಿಗೆ ಈಗ ಎಲ್ಲದಕ್ಕೂ ಒಂದೇ ಮಾತು — ಬಿಟ್ಟುಬಿಡು. ವಾರಕ್ಕೊಂದು ದಿನ ಮನೆಗೆ ಹೋಗುತ್ತೇನೆ, ಮಿಕ್ಕ ಆರು ದಿನ ಈ ಬಾಡಿಗೆ ರೂಮು. ಅವರ ಬೇಸರವೂ ತಪ್ಪಲ್ಲ.

ಆಫೀಸಿನ ಜೀಪು ನಾಲ್ಕು ಕೇಂದ್ರಕ್ಕೆ ಒಂದು. ನನ್ನ ಸರದಿ ಬರುವ ಹೊತ್ತಿಗೆ ಲಸಿಕೆಯ ಸುತ್ತು ಮುಗಿದಿರುತ್ತದೆ. ಕಾರು ಬೇಕೇ ಬೇಕು.

ಜನವರಿ 28, ಮಂಗಳವಾರ. ಸಂಜೆ 7

ಕೈ ಕಾಲು ತೊಳೆದಿಲ್ಲ ಇನ್ನೂ.

ಕ್ಯಾತಪ್ಪನ ಹಟ್ಟಿಗೆ ಹೊರಟಿದ್ದೆ. ನಿನ್ನೆಯೇ ಹೇಳಿದ್ದೆ, ಕುರಿ ಮೇಯಲು ಬಿಡಬೇಡ, ಎಂಟಕ್ಕೆ ಬರುತ್ತೇನೆ ಅಂತ. ನೂರ ಅರವತ್ತು ಕುರಿ ಅವನದು. ಹಟ್ಟಿಗೆ ಇನ್ನೂ ಒಂಬತ್ತು ಕಿಲೋಮೀಟರ್ ಇರುವಾಗ, ಹಳ್ಳ ದಾಟಿ ದಿಣ್ಣೆ ಏರುತ್ತಿದ್ದ ಹಾಗೆ ಕಾರು ಒಂದು ಸಲ ಕೆಮ್ಮಿ ನಿಂತುಹೋಯಿತು. ಬಾನೆಟ್ ಎತ್ತಿದರೆ ಡಬ್ಬದ ಮುಚ್ಚಳ ಹಾರಿದೆ. ಫಿಲ್ಟರಿನ ಕಾಗದ ಹರಿದು ಉಂಡೆಯಾಗಿ ಇಂಜಿನ್ ಪೈಪಿನ ಬಾಯಿಗೆ ಸಿಕ್ಕಿಕೊಂಡಿದೆ. ಬೆರಳು ಹಾಕಿದೆ. ಸ್ಕ್ರೂಡ್ರೈವರ್ ಹಾಕಿದೆ. ಇನ್ನೂ ಒಳಕ್ಕೆ ಹೋಯಿತು.

ಫೋನ್ ಸಿಗ್ನಲ್ ಇಲ್ಲ. ನೆರಳು ಅಂದರೆ ಒಂದು ಜಾಲಿ. ಐಸ್ ಬಾಕ್ಸ್ ತೊಡೆಯ ಮೇಲೆ ಇಟ್ಟುಕೊಂಡು ಕೂತೆ, ಮೇಲೆ ಸೆರಗು ಹೊದಿಸಿ. ಹನ್ನೊಂದೂವರೆಗೆ ಒಂದು ಶೇಂಗಾ ಟ್ರ್ಯಾಕ್ಟರ್ ಬಂತು, ಹೊಸಕೋಟೆ ಕಡೆಗೆ ಹೋಗುವುದು. ಅಷ್ಟೊತ್ತಿಗೆ ಐಸ್ ಎಲ್ಲ ನೀರು. ಲಸಿಕೆ ಬೆಚ್ಚಗಾಗಿತ್ತು. ಈ ಲಸಿಕೆ ಒಮ್ಮೆ ಬಿಸಿ ತಾಗಿದರೆ ಬರೀ ನೀರು. ಚುಚ್ಚಿದರೂ ಒಂದೇ, ಬಿಟ್ಟರೂ ಒಂದೇ. ಗುಂಡಿ ತೋಡಿ ಹೂತೆ.

ಕ್ಯಾತಪ್ಪ ಮಧ್ಯಾಹ್ನ ಎರಡರವರೆಗೆ ಕುರಿ ಕೂಡಿಹಾಕಿಕೊಂಡು ಕಾದನಂತೆ. ಫೋನಿನಲ್ಲಿ ಹೇಳಿದ. "ಹಸ್ಕಂಡು ಅರಚ್ತಾ ಅವೆ ಕಣಮ್ಮ. ಬರಾಕಾಗಲ್ಲ ಅಂದಿದ್ರೆ ಬುಟ್ಬುಡ್ತಿದ್ದೆ."

ನಾಡಿದ್ದು ಬರ್ತೀನಿ ಎಂದೆ. ಯಾವುದರಲ್ಲಿ?

ಜನವರಿ 29, ಬುಧವಾರ

ಚೌಡಯ್ಯ ಕಾರು ಎಳೆದು ತಂದು ಪೈಪ್ ಬಿಚ್ಚಿ ಕಾಗದ ತೆಗೆದ. ಇಂಜಿನ್ ಉಳಿದಿದೆ. "ಇನ್ನೊಂದ್ಸಲ ಹಿಂಗೆ ಮಣ್ಣು ಕುಡುದ್ರೆ ಉಳಿಯಲ್ಲ" ಎಂದ.

ಹೊಸ ಲಸಿಕೆ ಬೇಕಾದರೆ ಹಳೆಯದು ಹಾಳಾದ ಕಾರಣ ಬರೆದು ಕಳಿಸಬೇಕು. ಹೋದ ವರ್ಷ ಒಂದು ಸಲ ಕಾರು ಪಂಕ್ಚರ್ ಆಗಿ ತಡವಾಯಿತು ಎಂದು ಬರೆದಿದ್ದೆ. ಮೂರು ಸಮಜಾಯಿಷಿ ಕೇಳಿದರು. ಸ್ವಂತ ಗಾಡಿ ಯಾಕೆ ಬಳಸಿದಿರಿ, ಅನುಮತಿ ಇತ್ತೇ, ಬದಲಿ ವ್ಯವಸ್ಥೆ ಯಾಕೆ ಮಾಡಿಕೊಳ್ಳಲಿಲ್ಲ. ಉತ್ತರ ಬರೆದು ಬರೆದು ಸಾಕಾಗಿತ್ತು.

ಇವತ್ತು ಬರೆದೆ: 'ಸ್ಥಳಕ್ಕೆ ತೆರಳಿದಾಗ ಸದರಿ ಹಿಂಡು ಆಂಧ್ರದ ಕಡೆ ವಲಸೆ ಹೋಗಿದ್ದು, ಕಾದು ಹಿಂದಿರುಗುವಷ್ಟರಲ್ಲಿ ಲಸಿಕೆ ಶೈತ್ಯ ಕಳೆದುಕೊಂಡಿರುತ್ತದೆ.'

ಒಂದೇ ವಾಕ್ಯ. ಇಂಥದ್ದಕ್ಕೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕುರಿಯವರು ವಲಸೆ ಹೋಗುವವರೇ ಅಲ್ಲವೇ.

ಬೇಗ ಮಲಗಬೇಕು.

ಫೆಬ್ರವರಿ 8, ಶನಿವಾರ

ಹತ್ತು ದಿನ ಕಾರು ಶೆಡ್ಡಿನಲ್ಲೇ. ಸಿಕ್ಕಿದ ಬೈಕಿನ ಹಿಂದೆ ಕೂತು ಹತ್ತಿರದ ಮೂರು ಹಟ್ಟಿ ಮುಗಿಸಿದೆ. ದೂರದವು ಹಾಗೇ ಇವೆ. ಕ್ಯಾತಪ್ಪನದೂ.

ಒಡೆದ ಡಬ್ಬ ಚೀಲಕ್ಕೆ ಹಾಕಿಕೊಂಡು ಶಿರಾಕ್ಕೆ ಹೋದೆ. ಎರಡು ಬಸ್ಸು. ಯಾರೋ ಹೇಳಿದ್ದರು, ಅಲ್ಲಿ ಟ್ರಂಕು ಮಾಡುವ ಲಿಯಾಕತ್ ಅಲಿ ಅಂತ ಒಬ್ಬರಿದ್ದಾರೆ, ತಗಡಿನಲ್ಲಿ ಏನು ಹೇಳಿದರೂ ಮಾಡುತ್ತಾರೆ ಎಂದು. ಅರವತ್ತು ದಾಟಿದ ಮನುಷ್ಯ. ಕಿರಿದಾದ ಅಂಗಡಿ. ಹಿಂದೆ ಬಣ್ಣ ಹಚ್ಚಿದ ಟ್ರಂಕುಗಳು ಒಂದರ ಮೇಲೊಂದು, ಧೂಳು ಕೂತಿತ್ತು.

"ಏನಿದು?"

"ಕಾರಿನ ಗಾಳಿ ಡಬ್ಬ. ಇದರೊಳಗೆ ಫಿಲ್ಟರ್ ಕೂರುತ್ತೆ. ಇದೇ ಅಳತೆಗೆ ತಗಡಿನಲ್ಲಿ ಬೇಕು ಭಾಯ್."

ತಿರುಗಿಸಿ ತಿರುಗಿಸಿ ನೋಡಿದರು. "ಹವಾ ತುಂಬೋ ಡಬ್ಬಾ! ನಲ್ವತ್ತು ವರ್ಷ ಆಯ್ತು ಮೇಡಂ, ಬಟ್ಟೆ ಇಡೋಕೆ ಮಾಡಿದೀನಿ, ಅಕ್ಕಿಗೆ ಮಾಡಿದೀನಿ. ಹವಾಗೆ ಮಾಡಿಲ್ಲ."

"ಆಗಲ್ವಾ?"

"ಆಗಲ್ಲ ಅಂತ ಎಲ್ಲಿ ಹೇಳ್ದೆ?"

ಒಡೆದ ಪ್ಲಾಸ್ಟಿಕ್ಕನ್ನು ಟ್ವೈನ್ ದಾರದಿಂದ ಜೋಡಿಸಿ ಕಟ್ಟಿ, ಸುತ್ತ ಪೇಪರ್ ಸುತ್ತಿ ಅಳತೆ ತೆಗೆದರು. ಬುಧವಾರ ಬನ್ನಿ ಎಂದರು.

ಬಸ್ಸಿನಲ್ಲಿ ನಿಂತೇ ಬಂದೆ. ಮಂಡಿ ಊದಿದೆ.

ಫೆಬ್ರವರಿ 13, ಗುರುವಾರ

ಡಬ್ಬ ಚೆನ್ನಾಗಿಯೇ ಇದೆ ನೋಡಲು. ಬೆಳ್ಳಗೆ ಹೊಳೆಯುತ್ತದೆ. ಚೌಡಯ್ಯ ಕೂರಿಸಿಕೊಟ್ಟು ಒಂದು ಪರೀಕ್ಷೆ ಹೇಳಿಕೊಟ್ಟ. ಡಬ್ಬದಿಂದ ಇಂಜಿನ್ನಿಗೆ ಹೋಗುವ ಪೈಪಿನ ಒಳಗೋಡೆಗೆ ವ್ಯಾಸ್ಲಿನ್ ಸವರುವುದು, ಮಣ್ಣಿನ ದಾರಿಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸುವುದು, ಬೆರಳಿಂದ ಒರೆಸಿ ನೋಡುವುದು. ಮಣ್ಣು ನುಸುಳಿದ್ದರೆ ವ್ಯಾಸ್ಲಿನ್ನಿಗೆ ಅಂಟಿರುತ್ತದೆ.

ಬೆರಳು ಕೆಂಪಾಗಿ ಬಂತು.

ಮುಚ್ಚಳಕ್ಕೂ ಡಬ್ಬಕ್ಕೂ ನಡುವೆ ಕೂದಲೆಳೆಯಷ್ಟು ಸಂದು. ತಗಡು ತಗಡಿನ ಮೇಲೆ ಕೂತರೆ ಅಷ್ಟೇ. ಬಟ್ಟೆ ಇಡಲು ಸಾಕು, ಗಾಳಿಗೆ ಸಾಲದು.

ಮತ್ತೆ ಶಿರಾ. ನಾಳೆ ಶುಕ್ರವಾರ, ನಮಾಜಿಗೆ ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ. ಶನಿವಾರ ಹೋಗಬೇಕು.

ಫೆಬ್ರವರಿ 17, ಸೋಮವಾರ. ಬೆಳಿಗ್ಗೆ 9

ಕ್ಯಾತಪ್ಪನ ಹೆಂಡತಿ ನಾಗಕ್ಕ ಫೋನ್ ಮಾಡಿದ್ದಳು.

"ಅಮ್ಮಯ್ಯ, ಮೂಗಿನಾಗೆ ಸಿಂಬಳ ಇಳೀತೈತೆ. ಕಣ್ಣು ಅಂಟ್ಕಂಡವೆ. ಏಳು ಕುರಿ ಮೇವು ಮುಟ್ತಿಲ್ಲ. ನೀನು ಸೂಜಿ ಹಾಕಿದ್ ಮ್ಯಾಲೆ ಇಂಗೆ ಆಯ್ತದಾ?"

"ನಾನು ಸೂಜಿ ಹಾಕಿಲ್ವಲ್ಲ ನಾಗಕ್ಕ ನಿಮ್ಮವಕ್ಕೆ."

"ಊಂ... ಹೌದಲ್ವಾ. ಬರ್ತೀನಿ ಅಂದಿದ್ದೆ ನೀನು."

ಫೋನ್ ಇಟ್ಟ ಮೇಲೂ ಅಲ್ಲೇ ನಿಂತಿದ್ದೆ. ಸ್ಟೋವಿನ ಮೇಲೆ ಹಾಲು ಉಕ್ಕಿತು.

ಅದೇ ದಿನ, ಸಂಜೆ

ಹೋದೆ. ಸೋರುವ ಡಬ್ಬದಲ್ಲೇ. ಇಂಜಿನ್ ಹಾಳಾದರೆ ಆಗಲಿ ಎಂದು. ಹಿರೇಬೇನೆಯೇ. ಬಾಯಲ್ಲಿ ಹುಣ್ಣು, ಭೇದಿ, ನೂರ ಐದು ಡಿಗ್ರಿ ಜ್ವರ. ಏಳಲ್ಲ, ಇಪ್ಪತ್ತಮೂರು ಕುರಿಗೆ ಶುರುವಾಗಿದೆ. ಎರಡು ಸತ್ತಿವೆ. ರೋಗ ಬಂದ ಮೇಲೆ ಲಸಿಕೆ ಕೆಲಸ ಮಾಡದು. ಜ್ವರಕ್ಕೆ, ಭೇದಿಗೆ ಇಂಜೆಕ್ಷನ್ ಕೊಟ್ಟು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆ. ಕ್ಯಾತಪ್ಪ ಒಂದೊಂದೇ ಕುರಿಯನ್ನು ತೊಡೆ ಮಧ್ಯೆ ಹಿಡಿದು ನಿಂತ.

ಫೆಬ್ರವರಿ 21, ಶುಕ್ರವಾರ

ಸತ್ತದ್ದು ಹತ್ತೊಂಬತ್ತು.

ಶನಿವಾರ ಹೇಳಿಬಂದಿದ್ದ ಎರಡನೇ ಡಬ್ಬವನ್ನು ಲಿಯಾಕತ್ ಅಲಿ ಶಿರಾದಿಂದ ಬಸ್ಸಿನಲ್ಲಿ ಕಳಿಸಿದ್ದರು. ಮುಚ್ಚಳದ ಅಂಚಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸಿದ್ದಾರೆ. ಹಗುರವಾಗಲಿ ಎಂದು ಈ ಸಲ ತೆಳ್ಳನೆಯ ತಗಡು. ಮಣ್ಣು ನುಸುಳಲಿಲ್ಲ, ಬೆರಳು ಶುದ್ಧ. ಖುಷಿಯಿಂದ ದಿಣ್ಣೆ ಹತ್ತಿಸಿದೆ. ಅರ್ಧಕ್ಕೆ ಫಟ್ ಅಂತ ಸದ್ದು. ಕಾರು ಏದುಸಿರು ಬಿಟ್ಟು ನಿಂತಿತು. ಇಂಜಿನ್ ಎಳೆಯುವ ಗಾಳಿಯ ಬಿರುಸಿಗೆ ತೆಳ್ಳನೆಯ ತಗಡು ಒಳಕ್ಕೆ ಮಡಿಚಿ ಹೋಗಿದೆ, ಹಲ್ಲಿಲ್ಲದ ಕೆನ್ನೆಯ ಹಾಗೆ.

ಸ್ಟೇರಿಂಗ್ ಮೇಲೆ ತಲೆ ಇಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಅಳು ಬರಲಿಲ್ಲ. ನಿದ್ದೆ ಬಂತು.

ಫೆಬ್ರವರಿ 24, ಸೋಮವಾರ

ಇದನ್ನು ಬರೆಯದೆ ಇರಲಾರೆ.

ಪರೀಕ್ಷೆಯ ವರದಿ ಬಂತು, ಹಿರೇಬೇನೆ ಖಚಿತ. ಮಧುಗಿರಿಯಿಂದ ಮೇಲಧಿಕಾರಿ ಜೀಪಿನಲ್ಲಿ ಬಂದರು. ಕ್ಯಾತಪ್ಪನ ಹಟ್ಟಿಯ ಬೇವಿನ ಮರದ ಕೆಳಗೆ ಎಲ್ಲರನ್ನೂ ಸೇರಿಸಿದರು. ಸುತ್ತಲಿನ ಹಟ್ಟಿಗಳ ಕುರಿಯವರೂ ಬಂದಿದ್ದರು. ಫೈಲ್ ತೆಗೆದು ನನ್ನ ವಾಕ್ಯವನ್ನೇ ಓದಿದರು.

"ಈ ಹಿಂಡು ಜನವರಿಯಲ್ಲಿ ಆಂಧ್ರದ ಕಡೆ ವಲಸೆ ಹೋಗಿತ್ತು. ಅಲ್ಲಿಂದ ರೋಗ ತಂದಿದೆ. ಲಸಿಕೆಯನ್ನೂ ತಪ್ಪಿಸಿಕೊಂಡಿದೆ."

ಕ್ಯಾತಪ್ಪ ಎದ್ದು ನಿಂತ. "ನಾನೆಲ್ಲೂ ಹೋಗಿಲ್ಲ ಸ್ವಾಮಿ. ಇಲ್ಲೇ ಇದ್ದೆ. ಡಾಕ್ಟ್ರಮ್ಮುಂಗೆ ಗೊತ್ತೈತೆ, ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ರಿಜಿಸ್ಟರ್ ನೋಡಿ ಹೇಳ್ತೀನಿ" ಎಂದೆ.

ಅಷ್ಟೇ ಹೇಳಿದ್ದು ನಾನು. ರಿಜಿಸ್ಟರ್ ಕೈಯಲ್ಲೇ ಇತ್ತು.

ಪಕ್ಕದ ಹಟ್ಟಿಯ ಯಜಮಾನ ಪರ್ವತಯ್ಯ ಆಗಲೇ ಕೂಗಾಡತೊಡಗಿದ್ದ. "ಇವ್ನು ರೋಗ ಹೊತ್ಕಂಡ್ ಬಂದವ್ನೆ, ನಮ್ ಕುರಿ ಯಾಕ್ ಸಾಯ್ಬೇಕು? ಇವತ್ತಿಂದ ಕೆರೆಗೆ ಇಳಿಸ್ಬ್ಯಾಡ ಕಣ್ಲಾ ನಿನ್ ಕುರೀನ!"

ಅಧಿಕಾರಿ ಅದನ್ನು ಸರಿ ಎಂದರು. ರೋಗದ ಹಿಂಡು ಬೇರೆ ಇರಬೇಕಾದದ್ದು ನಿಯಮವೇ. ಆದರೆ ಪರ್ವತಯ್ಯ ಹೇಳಿದ್ದು ನಿಯಮ ಅಲ್ಲ. ಅದು ಬಹಿಷ್ಕಾರ.

ಸುತ್ತಲಿನ ಎಲ್ಲ ಹಟ್ಟಿಗೆ ತುರ್ತಾಗಿ ಲಸಿಕೆ ಹಾಕಬೇಕು, ಐದನೇ ತಾರೀಖಿಗೆ ಲಸಿಕೆ ಬರುತ್ತದೆ, ಹದಿನಾಲ್ಕು ಹಟ್ಟಿ, ಒಂದು ವಾರ — ಇಷ್ಟು ಹೇಳಿ ಹೋದರು. ಒಂದು ವಾರವಂತೆ. ಕಾರಿಲ್ಲದೆ.

ಮಾರ್ಚ್ 4, ಮಂಗಳವಾರ. ಶಿರಾ

ಎಂಟು ದಿನ ಏನೂ ಬರೆಯಲಿಲ್ಲ. ಬರೆಯಲು ಕೂತರೆ ಬೇವಿನ ಮರವೇ ಬರುತ್ತಿತ್ತು.

ಇವತ್ತು ರಜೆ ಹಾಕಿ, ಎರಡನೇ ಡಬ್ಬವನ್ನು ಒಳಗಿನಿಂದ ಬಡಿದು ನೆಟ್ಟಗೆ ಮಾಡಿಕೊಂಡು ಟಾರ್ ರೋಡಿನಲ್ಲೇ ನಿಧಾನಕ್ಕೆ ಕಾರನ್ನು ಶಿರಾಕ್ಕೆ ತಂದೆ. ಮಡಿಚಿದ ಡಬ್ಬ ನೋಡಿ ಲಿಯಾಕತ್ ಅಲಿ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಬಾನೆಟ್ ಒಳಗೆ ತಲೆ ಹಾಕಿ ಹತ್ತು ನಿಮಿಷ ನೋಡಿದರು. ಡಬ್ಬವನ್ನು ಕಾರಿನ ಜೊತೆ ಈಗಷ್ಟೇ ನೋಡುತ್ತಿರುವುದು ಅವರು.

"ಹವಾ ಎಲ್ಲಿಂದ ಬರುತ್ತೆ?"

ತೋರಿಸಿದೆ.

"ಬಾಯಿ ಚಿಕ್ಕದು. ಹೊಟ್ಟೆ ದೊಡ್ಡದು. ಅದಕ್ಕೇ ಎಳ್ಕೊಂಡಿದೆ. ಕೂತ್ಕೊಳ್ಳಿ ಮೇಡಂ, ಇವತ್ತು ಮಾಡೇ ಕಳಿಸ್ತೀನಿ."

ರಂಜಾನ್ ಶುರುವಾಗಿ ಮೂರು ದಿನ. ಉಪವಾಸ. ಒಂದು ತೊಟ್ಟು ನೀರಿಲ್ಲದೆ ಮಧ್ಯಾಹ್ನದ ಬಿಸಿಲಿನಲ್ಲಿ ತಗಡು ಬಡಿಯುತ್ತಿದ್ದರು. ನಾನು ಬಾಟಲಿ ಚೀಲದೊಳಗೇ ಇಟ್ಟಿದ್ದೆ. "ನೀವು ಕುಡೀರಿ, ನೀವು ರೋಜಾ ಇಲ್ವಲ್ಲ" ಎಂದು ಗದರಿದರು.

ದಪ್ಪ ತಗಡು, ಹಳೇ ಟ್ರಂಕಿನದೇ, ಒಳಗಡೆ ಇನ್ನೂ ನೀಲಿ ಬಣ್ಣ ಇತ್ತು. ಅಷ್ಟನ್ನೂ ಕೆರೆದು ತೆಗೆದರು, ಉದುರಿ ಇಂಜಿನ್ನಿಗೆ ಹೋಗಬಾರದು ಎಂದು. ಟ್ರಂಕಿನ ಮುಚ್ಚಳ ಕುಸಿಯದಿರಲು ಅಡ್ಡಡ್ಡ ಉಬ್ಬುಗೆರೆಯ ಏಣು ಹೊಡೆಯುತ್ತಾರಲ್ಲ, ಹಾಗೆ ನಾಲ್ಕೂ ಮಗ್ಗುಲಿಗೆ ಏಣು. ಅಂಚಿಗೆ ಸೈಕಲ್ ಟ್ಯೂಬ್ ಬದಲು ಲಾರಿ ಟ್ಯೂಬ್. ಮುಚ್ಚಳ ಬಿಗಿಯಲು ಟ್ರಂಕಿನ ಕೊಂಡಿಗಳು ನಾಲ್ಕು. ಗಾಳಿ ಬರುವ ಬಾಯಿಗೆ ಮೂರಿಂಚಿನ ಪಿವಿಸಿ ಪೈಪು, ಚಕ್ರದ ಮಣ್ಣು ತಾಗದ ಹಾಗೆ ಹೆಡ್‌ಲೈಟಿನ ಹಿಂದೆ ಎತ್ತರಕ್ಕೆ ತಿರುಗಿಸಿದ್ದು. ಎಡಗಣ್ಣಿಗೆ ಪೊರೆ ಬಂದಿದೆ ಅವರಿಗೆ. ಗೆರೆ ಎಳೆಯುವುದು, ಬೆಸುಗೆ ಹಾಕುವಾಗ ಹಿಡಿದುಕೊಳ್ಳುವುದು ನನ್ನ ಕೆಲಸವಾಯಿತು. ಎರಡು ಸಲ ಕೈ ಸುಟ್ಟಿತು.

"ಇಷ್ಟು ಅರ್ಜೆಂಟ್ ಏನು ಮೇಡಂ? ತಿಂಗಳಿಂದ ಓಡಾಡ್ತಾ ಇದೀರಿ."

ಹೇಳಿದೆ. ಕಾರು ನಿಂತದ್ದು, ಸುಳ್ಳು ಬರೆದದ್ದು, ಬೇವಿನ ಮರದ ಕೆಳಗೆ ಬಾಯಿ ಬಿಡದಿದ್ದದ್ದು. ಎಲ್ಲ. ಯಾರಿಗೂ ಹೇಳಿರಲಿಲ್ಲ. ಗುರುತಿಲ್ಲದವರಿಗೆ ಹೇಳುವುದು ಸುಲಭ.

ಅವರು ಸುತ್ತಿಗೆ ನಿಲ್ಲಿಸಿ ಕೇಳಿದ್ದು ಒಂದೇ. "ಆ ಕುರಿಯೋರ ಹೆಸರೇನು?"

"ಕ್ಯಾತಪ್ಪ."

ಮತ್ತೆ ಬಡಿಯತೊಡಗಿದರು.

ನಾಲ್ಕೂವರೆಗೆ ಕೂರಿಸಿದೆವು. ಓಡಿಸಿ ನೋಡಬೇಕಲ್ಲ — ನಾನೂ ಬರ್ತೀನಿ ಎಂದು ಮುಂದಿನ ಸೀಟಿನಲ್ಲಿ ಕೂತರು. ಬಡವನಹಳ್ಳಿ ರಸ್ತೆ ಹಿಡಿದು, ಎಡಕ್ಕೆ ಮಣ್ಣಿನ ದಾರಿಗೆ ಇಳಿಸಿದೆ. ಡ್ಯಾಶ್‌ಬೋರ್ಡಿಗೆ ಕಿವಿ ಹಚ್ಚಿ ಕೂತಿದ್ದರು. ದಿಣ್ಣೆ ಬಂತು. ಮೂರನೇ ಗೇರಿನಲ್ಲೇ ಏರಿತು. ಹೊಗೆ ಇಲ್ಲ. ಮೇಲೆ ನಿಲ್ಲಿಸಿ, ಬಾನೆಟ್ ಎತ್ತಿ, ಪೈಪಿಗೆ ಬೆರಳು ಹಾಕಿದೆ. ವ್ಯಾಸ್ಲಿನ್ ಸವರಿದಾಗಿನಷ್ಟೇ ಬೆಳ್ಳಗಿತ್ತು. ಅವರೂ ಬೆರಳು ಹಾಕಿ ನೋಡಿದರು. ಇನ್ನೊಂದು ಸಲ ನೋಡಿದರು.

"ಟ್ರಂಕು ತಗೊಳ್ಳೋರು ಯಾರೂ ಇಲ್ಲ ಈಗ" ಎಂದರು, ಅಷ್ಟೇ.

ಸೂರ್ಯ ಮುಳುಗುವ ಹೊತ್ತಿಗೆ ಅವರ ಮನೆ ಬಾಗಿಲಿಗೆ ಬಿಟ್ಟೆ. ಅವರ ಹೆಂಡತಿ ರಹಮತ್ ಬಿ ಖರ್ಜೂರದ ತಟ್ಟೆ ಹಿಡಿದು ಕಾಯುತ್ತಿದ್ದರು. ನನಗೂ ಎರಡು ಕೊಟ್ಟರು. ಲಿಯಾಕತ್ ಅಲಿ ಇಳಿಯುವಾಗ ಹೇಳಿದರು: "ಕ್ಯಾತಪ್ಪ ಅಂದ್ರಲ್ಲ ಮೇಡಂ. ನೀವೇ ಹೇಳ್ಬಿಡಿ ಅವರಿಗೆ. ಬೇರೆ ಬಾಯಿಂದ ಗೊತ್ತಾದ್ರೆ ಜಾಸ್ತಿ ನೋಯುತ್ತೆ."

ಮಾರ್ಚ್ 6, ಗುರುವಾರ

ಮೂರು ಹಟ್ಟಿ. ನಾನೂರ ಹನ್ನೆರಡು. ಹೆಬ್ಬೆರಳು ಮರಗಟ್ಟಿದೆ.

ಮಾರ್ಚ್ 7

ಮೂರು ಹಟ್ಟಿ. ಪರ್ವತಯ್ಯನ ರೊಪ್ಪವೂ ಆಯಿತು. ಕುರಿ ಹಿಡಿದು ಕೊಡುತ್ತ ಉದ್ದಕ್ಕೂ ಕ್ಯಾತಪ್ಪನನ್ನು ಬಯ್ಯುತ್ತಿದ್ದ. ಕೇಳಿಸಿಕೊಂಡು ಚುಚ್ಚುತ್ತಿದ್ದೆ. ಕ್ಯಾತಪ್ಪನ ಹಿಂಡಿಗೆ ಈಗ ಯಾರ ಬಾವಿಯೂ ಇಲ್ಲವಂತೆ. ನಾಗಕ್ಕ ಎರಡು ಕಿಲೋಮೀಟರ್ ದೂರದಿಂದ ಬಿಂದಿಗೆಯಲ್ಲಿ ನೀರು ಹೊತ್ತು ಕುರಿಗೆ ಕುಡಿಸುತ್ತಿದ್ದಾಳೆ. ಉಳಿದದ್ದು ಎಪ್ಪತ್ತೊಂದು.

ಎಪ್ಪತ್ತೊಂದು ಕುರಿಗೆ ಎಷ್ಟು ಬಿಂದಿಗೆ?

ಮಾರ್ಚ್ 9, ಭಾನುವಾರ. ಮಧುಗಿರಿ

ಇವರಿಗೆ ಎಲ್ಲ ಹೇಳಿದೆ. ಊಟದ ಮಧ್ಯೆ. ಇವರ ಕೈ ತಟ್ಟೆಯಲ್ಲೇ ನಿಂತಿತು.

"ಯಾರಾದ್ರೂ ನಿನ್ನ ಕೇಳಿದ್ರಾ?"

"ಇಲ್ಲ."

"ಮತ್ತೆ? ಇನ್ನು ಹನ್ನೊಂದು ವರ್ಷ ಸರ್ವೀಸ್ ಇದೆ. ಸುಳ್ಳು ವರದಿ ಅಂದ್ರೆ ಸಸ್ಪೆಂಡ್ ಮಾಡ್ತಾರೆ. ರೋಗ ಹೆಂಗೂ ನಿಂತಿದೆ ಅಂತೀಯ. ಇನ್ನೊಂದು ತಿಂಗಳಿಗೆ ಜನ ಮರೀತಾರೆ. ಬಿಟ್ಟುಬಿಡು ಶಾಂತ."

ತಟ್ಟೆ ತೊಳೆದಿಟ್ಟು ಮಹಡಿ ಮೇಲೆ ಹೋದೆ. ಬೆಟ್ಟ ಬಿಸಿಲಿಗೆ ಕಾದು ಝಳ ಬಿಡುತ್ತಿತ್ತು. ಇವರು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಮರೆಯುತ್ತಾರೆ, ಅದೂ ನಿಜ. ಮರೆಯುವವರೆಗೆ ನಾಗಕ್ಕ ನೀರು ಹೊರಬೇಕು. ಮರೆತ ಮೇಲೂ ಕ್ಯಾತಪ್ಪ ರೋಗ ತಂದವನೇ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ 2

ಹೇಳಿದೆ.

ಕೊನೆಯ ಹಟ್ಟಿಯ ಲಸಿಕೆ ಕೆರೆಯ ಏರಿಯ ಹತ್ತಿರವೇ ಇತ್ತು. ಕುರಿಯವರೆಲ್ಲ ಸೇರಿದ್ದರು. ಪರ್ವತಯ್ಯನೂ. ಕ್ಯಾತಪ್ಪನಿಗೆ ನಾನೇ ಫೋನ್ ಮಾಡಿ ಬಾ ಎಂದಿದ್ದೆ. ಅವನು, ನಾಗಕ್ಕ ದೂರದಲ್ಲಿ ಹುಣಿಸೆ ಮರದ ಕೆಳಗೆ ನಿಂತರು. ಹತ್ತಿರ ಬರಲಿಲ್ಲ. ಹಾಗಾಗಿ ಕೂಗಿ ಹೇಳಬೇಕಾಯಿತು.

"ಕ್ಯಾತಪ್ಪ ಆಂಧ್ರಕ್ಕೆ ಹೋಗಿರ್ಲಿಲ್ಲ. ಜನವರಿ ಇಪ್ಪತ್ತೆಂಟಕ್ಕೆ ಕುರಿ ಕೂಡಿಹಾಕ್ಕೊಂಡು ನನ್ನ ಕಾಯ್ತಾ ಇದ್ದ. ನನ್ನ ಕಾರು ಕೆಟ್ಟೋಯ್ತು. ನಾನು ಬರ್ಲಿಲ್ಲ. ಕಾಗದದಲ್ಲಿ ಸುಳ್ಳು ಬರೆದೆ."

ಪರ್ವತಯ್ಯ ನನ್ನನ್ನು ನೋಡಿದ, ಕ್ಯಾತಪ್ಪನನ್ನು ನೋಡಿದ. "ಇದೇನ್ ಡಾಕ್ಟ್ರಮ್ಮ... ಮೊದ್ಲೇ ಬೊಗುಳ್ಬಾರ್ದಾಗಿತ್ತಾ?" ಎಂದ. ಅವನ ಬಾಯಿಗೆ ಅದು ಬಯ್ಗುಳವಲ್ಲ. ಆದರೂ ಸರಿಯಾಗಿಯೇ ತಾಗಿತು.

ಕ್ಯಾತಪ್ಪ ತಿರುಗಿ ಹೊರಟುಬಿಟ್ಟ. ನಾಗಕ್ಕ ಮಾತ್ರ ನನ್ನ ಹತ್ತಿರ ಬಂದಳು.

"ಬರೀವಾಗ ಕೈ ನಡುಗ್ಲಿಲ್ವಾ ಅಮ್ಮಯ್ಯ?"

"ಇಲ್ಲ ನಾಗಕ್ಕ."

ತಲೆ ಆಡಿಸಿದಳು. ಇಷ್ಟೊತ್ತಿಗೆ ನಾನು ಒಂದು ನಿಜ ಹೇಳಿದೆ ಎಂಬಂತೆ. ಆಮೇಲೆ ಬಿಂದಿಗೆ ಎತ್ತಿಕೊಂಡು ನೇರ ಕೆರೆಗೆ ಇಳಿದಳು. ಯಾರೂ ತಡೆಯಲಿಲ್ಲ.

ಮಾರ್ಚ್ 12, ಬುಧವಾರ

ಕಚೇರಿಗೆ ಪತ್ರ ಬರೆದೆ. ಒಂದೂವರೆ ಪುಟ. ದಿನಾಂಕ, ಸ್ಥಳ, ಕಾರಿನ ಡಬ್ಬ, ಹೂತ ಲಸಿಕೆ, ಸುಳ್ಳು ವಾಕ್ಯ. ಮೂರು ಸಲ ಹರಿದು ನಾಲ್ಕನೆಯದನ್ನು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ.

ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಮಾರ್ಚ್ 19, ಬುಧವಾರ

ನೋಟೀಸು ಬಂತು. ಇಪ್ಪತ್ತನಾಲ್ಕಕ್ಕೆ ಮಧುಗಿರಿಯಲ್ಲಿ ವಿಚಾರಣೆ, ಹನ್ನೊಂದು ಗಂಟೆಗೆ. ಇವರಿಗೆ ಫೋನಿನಲ್ಲಿ ಓದಿ ಹೇಳಿದೆ. "ಊಟಕ್ಕೆ ಮನೆಗೇ ಬಾ" ಎಂದರು.

ಮಾರ್ಚ್ 24, ಸೋಮವಾರ. ಬೆಳಿಗ್ಗೆ 10.40. ಮಧುಗಿರಿ

ಕಚೇರಿಯ ವರಾಂಡದಲ್ಲಿ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು.

ಬೆಳಿಗ್ಗೆ ಆರೂವರೆಗೆ ಹೊಸಕೋಟೆ ಬಿಟ್ಟೆ. ಊರ ಹೊರಗಿನ ಗೇಟಿನಲ್ಲಿ ಕ್ಯಾತಪ್ಪ ನಿಂತಿದ್ದ. ಒಗೆದ ಬಿಳಿ ಪಂಚೆ, ಹೆಗಲಿಗೆ ಕಂಬಳಿ. ಕೈ ಅಡ್ಡ ಹಿಡಿದ. ಇವತ್ತಿನ ತಾರೀಖು ಯಾರು ಹೇಳಿದರೋ. ಎಲ್ಲಿಗೆ ಅಂತ ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತ. ಪಾವಗಡ ದಾಟಿದ ಮೇಲೆ ಬಾಯಿ ಬಿಟ್ಟ.

"ಅವತ್ತು ಎಲ್ಲಿ ನಿಂತಿತ್ತು ಗಾಡಿ?"

"ಹಳ್ಳ ದಾಟಿ, ದಿಣ್ಣೆ ಮೇಲೆ. ಜಾಲಿ ಹತ್ರ."

"ಅಲ್ಲೇನಾ." ಕಂಬಳಿ ಸರಿಪಡಿಸಿಕೊಂಡು, "ನಡ್ಕಂಡು ಬಂದು ಹೇಳಿದ್ರೆ ನಾನೇ ಬಂದು ಹೊತ್ಕಂಡ್ ಹೋಗ್ತಿದ್ದೆ ಕಣಮ್ಮ ಆ ಐಸ್ ಪೆಟ್ಟಿಗೇನ."

ಮಂಡಿ ನೋವು ಅನ್ನಬಹುದಿತ್ತು. ಹೇಳಲಿಲ್ಲ. ಒಂಬತ್ತು ಕಿಲೋಮೀಟರ್. ನಡೆಯಬಹುದಿತ್ತೋ ಏನೋ. ಆ ಯೋಚನೆ ಅವತ್ತು ಬರಲೇ ಇಲ್ಲ. ಇವತ್ತಿನವರೆಗೂ ಬಂದಿರಲಿಲ್ಲ.

"ಎಂಬತ್ತೊಂಬತ್ತು ಹೋದ್ವು" ಎಂದ.

ಈಗ ಪಕ್ಕದಲ್ಲಿ ಕೂತಿದ್ದಾನೆ. ಕಂಬಳಿ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾನೆ. ಟೀ ಬೇಡವೆಂದ. ಸಿಟ್ಟು ಹೋಗಿದೆಯೇ, ಗೊತ್ತಿಲ್ಲ. ಹೋಗಬೇಕು ಅಂತ ನಾನು ಕೇಳುವ ಹಾಗೂ ಇಲ್ಲ.

ಒಳಗಿಂದ ಜವಾನ ಬಂದು ನನ್ನ ಹೆಸರು ಕೂಗಿದ. ನನಗಿಂತ ಮೊದಲು ಕ್ಯಾತಪ್ಪ ಎದ್ದು ನಿಂತ.

"ಕ್ಯಾತಪ್ಪಣ್ಣ, ಕರೆದಿರೋದು ನನ್ನನ್ನ. ನೀನು ಬರೋ ಹಂಗಿಲ್ಲ."

"ನನ್ ಕುರಿ ಅವತ್ತು ಎಲ್ಲಿದ್ವು ಅಂತ ನಾನಲ್ವೇನಮ್ಮ ಹೇಳ್ಬೇಕಾದೋನು? ಇಷ್ಟ್ ದಿನ ಎಲ್ರೂ ಹೇಳಿದ್ದಾಯ್ತು."

ಜವಾನ ಬೇಡ ಅನ್ನುತ್ತಿದ್ದಾನೆ. ಇವನು ಚಪ್ಪಲಿ ಬಿಟ್ಟು ಆಗಲೇ ಬಾಗಿಲಲ್ಲಿದ್ದಾನೆ. ತಿರುಗಿ ನನ್ನನ್ನು ನೋಡಿ, ಬರೆದಿದ್ದು ಸಾಕು, ಎದ್ದು ಬಾ ಎಂದು ಕೈ ಬೀಸುತ್ತಿದ್ದಾನೆ.